ಓಗೊಡುವ ಲೋಕ: ಆರ್‌ಪಿಜಿ ಗೇಮ್ ಕಟ್ಟುವವರಿಗೊಂದು ಸಮಗ್ರ ಮಾರ್ಗದರ್ಶಿ

ಕಳೆದ ದಸರಾ ರಜೆಗೆ ಹಾಸನದಿಂದ ಅಕ್ಕನ ಮಗಳು ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದಿದ್ದಳು. ನಾನೂ ಇಬ್ಬರು ಗೆಳೆಯರೂ ಸೇರಿ ಕಟ್ಟುತ್ತಿದ್ದ ಗೇಮನ್ನು ಅವಳ ಮುಂದಿಟ್ಟೆ. ಮೂಡಿಗೆರೆ ಕಡೆಯದೊಂದು ಕಾಫಿ ತೋಟ. ಆಟಗಾರ ಅಲ್ಲಿಗೆ ಹೊಸದಾಗಿ ಬಂದ ರೈಟರು, ಅಂದರೆ ತೋಟದ ಹಾಜರಿ, ಲೆಕ್ಕ ನೋಡುವವರು. ತೋಟದ ಕೆಲಸದವರು ಸಾಲಾಗಿ ವಾಸಿಸುವ ಲೈನ್ ಮನೆಯ ಅಜ್ಜಿಯೊಬ್ಬಳ ಹಸು ತಪ್ಪಿಸಿಕೊಂಡಿದೆ. ಹುಡುಗಿ ಅರ್ಧ ಗಂಟೆ ಹಳ್ಳ, ಕಾಡು ಎಲ್ಲ ಅಲೆದು, ಆನೆ ಹಿಂಡಿನ ಕಣ್ಣು ತಪ್ಪಿಸಿ, ಹಸುವನ್ನು ಕೊಟ್ಟಿಗೆಗೆ ಹೊಡೆದುಕೊಂಡು ಬಂದಳು. ಗಂಟೆ ಬಾರಿಸಿತು, ನೂರು ಅಂಕ ಬಂತು, ಅವಳಿಗೆ ಖುಷಿಯೋ ಖುಷಿ. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಹೋಗುವಾಗ, ಯಾರೂ ಹೇಳದಿದ್ದರೂ, ಅಜ್ಜಿಯ ಮನೆ ಬಾಗಿಲು ತಟ್ಟಿದಳು.

"ನಮ್ಮ ಗೌರಿ ಕಾಣ್ತಿಲ್ಲ ರೈಟ್ರೇ, ಎಲ್ಲಾದ್ರೂ ನೋಡಿದ್ರಾ?" ಎಂದಳು ಅಜ್ಜಿ. ಮೊದಲ ದಿನ ಹೇಳಿದ್ದ ಅದೇ ಮಾತು.

ಹುಡುಗಿ ನನ್ನ ಮುಖ ನೋಡಿದಳು. "ಮಾಮ, ನಾನು ಹಸು ತಂದ್ಕೊಟ್ಟಿದ್ದು ಇವ್ರಿಗೆ ಗೊತ್ತೇ ಆಗ್ಲಿಲ್ವಾ?" ಆಮೇಲೆ ಹತ್ತು ನಿಮಿಷವೂ ಆಡಲಿಲ್ಲ.

ಎಂಟು ತಿಂಗಳ ಕೆಲಸದಲ್ಲಿ ನಾವು ಮರೆತಿದ್ದು ಏನೆಂದು ಆ ಒಂದು ಪ್ರಶ್ನೆ ತೋರಿಸಿಕೊಟ್ಟಿತು. ಆರ್‌ಪಿಜಿ, ಅಂದರೆ ಆಡುವವರೇ ಒಂದು ಪಾತ್ರವಾಗುವ ರೋಲ್ ಪ್ಲೇಯಿಂಗ್ ಗೇಮ್, ಎಂದರೆ ಲೆವೆಲ್ಲು, ಕತ್ತಿ, ಅಂಕ ಎಂದುಕೊಂಡು ಶುರು ಮಾಡುತ್ತೇವೆ. ಅವೆಲ್ಲ ಬೇಕು. ಆದರೆ ಆಡುವವರನ್ನು ಹಿಡಿದು ಕೂರಿಸುವುದು ಬೇರೆಯೇ ಒಂದು: ನಾನು ಮಾಡಿದ್ದಕ್ಕೆ ಈ ಲೋಕ ಓಗೊಡುತ್ತದೆ ಎಂಬ ನಂಬಿಕೆ. ಕಾಡಿನಲ್ಲಿ ಕೂ ಹಾಕಿದರೆ ಆ ಕಡೆಯಿಂದ ಮರುಕೂಗು ಬರಬೇಕು. ಕೆಳಗಿನ ಹೆಜ್ಜೆಗಳೆಲ್ಲ ಆ ಮರುಕೂಗನ್ನು ಕಟ್ಟುವ ಬಗೆ. ಮೊದಲ ಗೇಮ್ ಮಾಡಲು ಹೊರಟವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಹೆಜ್ಜೆ 1: ಪಾತ್ರಕ್ಕೊಂದು ಕಸುಬು ಕೊಡಿ

"ಜಗತ್ತನ್ನು ಉಳಿಸುವ ವೀರ" ಎಂದು ಬರೆದರೆ ಆ ವೀರ ಬೆಳಗ್ಗೆ ಎದ್ದು ಏನು ಮಾಡುತ್ತಾನೆ ಎಂಬುದು ನಿಮಗೂ ತಿಳಿಯುವುದಿಲ್ಲ, ಆಡುವವರಿಗೂ ತಿಳಿಯುವುದಿಲ್ಲ. "ತೋಟದ ರೈಟರು" ಎಂದರೆ ಕೂಡಲೇ ಕ್ರಿಯಾಪದಗಳು ಸಾಲುಗಟ್ಟುತ್ತವೆ: ಹಾಜರಿ ತೆಗೆಯುವುದು, ಗಿಡ ನೋಡುವುದು, ಜಗಳ ಬಿಡಿಸುವುದು, ಸಾಹುಕಾರರಿಗೆ ಲೆಕ್ಕ ಒಪ್ಪಿಸುವುದು, ಸುಳ್ಳು ಹೇಳುವುದು, ಹೇಳದೆ ಇರುವುದು. ಒಂದು ಹಾಳೆ ತೆಗೆದುಕೊಂಡು ನಿಮ್ಮ ಪಾತ್ರ ಮಾಡಬಲ್ಲ ಕೆಲಸಗಳನ್ನು ಕ್ರಿಯಾಪದಗಳಲ್ಲಿ ಬರೆಯಿರಿ. ಆರೇಳು ಸಾಕು. ಅದರಲ್ಲಿ ಐದು "ಹೊಡೆ" ಎಂಬುದರ ಬೇರೆ ಬೇರೆ ರೂಪಗಳಾಗಿದ್ದರೆ ನೀವು ಕಟ್ಟುತ್ತಿರುವುದು ಕಾದಾಟದ ಗೇಮು. ಅದು ತಪ್ಪಲ್ಲ, ಆದರೆ ಗೊತ್ತಿದ್ದು ಮಾಡಿ.

ನಾವು ಆನೆಯನ್ನು ಹೊಡೆಯುವ ಕ್ರಿಯಾಪದವನ್ನೇ ಇಡಲಿಲ್ಲ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಆನೆಯ ಭಯ ಏನೆಂದು ಬಲ್ಲವರು ಅದನ್ನು ಅಂಕ ತರುವ ಶತ್ರುವಾಗಿ ಮಾಡಲಾರರು. ದಾರಿ ಬದಲಿಸಬಹುದು, ಕಾಯಬಹುದು, ಕೆಲಸದವರನ್ನು ಬೇಗ ಮನೆಗೆ ಕಳಿಸಬಹುದು. ಒಂದು ಕ್ರಿಯಾಪದ ತೆಗೆದಿದ್ದರಿಂದಲೇ ನಮ್ಮ ಗೇಮಿಗೆ ಅದರದೇ ಆದ ಮುಖ ಬಂತು.

ಹೆಜ್ಜೆ 2: ಗರ ಬೀಳುವ ಬಗೆ ನಿರ್ಧರಿಸಿ

ಈ ಬಗೆಯ ಆಟಗಳ ಮೂಲ ಮೇಜಿನ ಮೇಲಿನ ದಾಳದಲ್ಲಿದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಇವತ್ತಿನ ಕಂಪ್ಯೂಟರ್ ಆರ್‌ಪಿಜಿಗಳವರೆಗೆ, ಒಳಗೆ ಉರುಳುತ್ತಿರುವುದು ದಾಳವೇ. ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ದೂರ ಹೋಗಬೇಕಿಲ್ಲ. ಚೌಕಾಬಾರ ಆಡಿದ್ದೀರಲ್ಲ?

ಒಡೆದ ಹುಣಸೆ ಬೀಜ ನಾಲ್ಕನ್ನು ಎಸೆದರೆ ಒಟ್ಟು 16 ಬಗೆಯಲ್ಲಿ ಬೀಳಬಹುದು. ಎರಡರ ಗರ ಅದರಲ್ಲಿ 6 ಬಗೆ. ಒಂದು, ಮೂರು ತಲಾ 4 ಬಗೆ. ನಾಲ್ಕು ಮತ್ತು ಎಂಟು ತಲಾ ಒಂದೇ ಒಂದು ಬಗೆ. ಅಂದರೆ ಎಂಟು ಸರಾಸರಿ 16 ಸಲಕ್ಕೆ ಒಂದು ಸಲ. ಅಪರೂಪಕ್ಕೆ ಬೀಳುವ ಗರಕ್ಕೇ ದೊಡ್ಡ ನಡೆ, ಜೊತೆಗೆ ಇನ್ನೊಂದು ಎಸೆತ. ಅದು ಬಿದ್ದಾಗ ಜಗಲಿಯೆಲ್ಲ ಕೂಗಾಡುವುದು ಅದಕ್ಕೇ. ನಮ್ಮ ಅಜ್ಜಿಯರು ಲೆಕ್ಕ ಹಾಕದೆಯೇ ಒಳ್ಳೆಯ ಗೇಮ್ ಡಿಸೈನ್ ಆಡುತ್ತಿದ್ದರು.

ನಿಮ್ಮ ಗೇಮಿಗೂ ಇದೇ ಪ್ರಶ್ನೆ. ಬಿದ್ದ ಗರಕ್ಕೆ ಪಾತ್ರದ ಕೌಶಲದ ಅಂಕ ಕೂಡಿಸಿದಾಗ ಬೇಕಾದ ಸಂಖ್ಯೆ ಮುಟ್ಟಿದರೆ ಗೆಲುವು ಎಂದಿಟ್ಟುಕೊಳ್ಳಿ. 20 ಮುಖದ ಒಂದೇ ದಾಳವಾದರೆ ಪ್ರತಿ ಸಂಖ್ಯೆಗೂ 5 ಪ್ರತಿಶತ ಸಾಧ್ಯತೆ. ಕೌಶಲ ಒಂದು ಹೆಚ್ಚಿದರೆ ಗೆಲ್ಲುವ ಸಾಧ್ಯತೆ ಎಲ್ಲ ಕಡೆಯೂ ಅಷ್ಟೇ ಹೆಚ್ಚುತ್ತದೆ. ಮಾಮೂಲಿ ಆರು ಮುಖದ ಎರಡು ದಾಳವಾದರೆ ಹಾಗಲ್ಲ. 8 ಬೇಕಿದ್ದಾಗ ಗೆಲ್ಲುವುದು 36ರಲ್ಲಿ 15 ಸಲ. 7 ಸಾಕಾದರೆ 21 ಸಲ. ಒಂದೇ ಅಂಕದಿಂದ ದೊಡ್ಡ ಜಿಗಿತ. ಆದರೆ 12 ಬೇಕಿದ್ದದ್ದು 11ಕ್ಕೆ ಇಳಿದರೆ 1 ಸಲದಿಂದ 3 ಸಲ, ಅಷ್ಟೇ. ಹಾಗಾಗಿ ಎರಡು ದಾಳದಲ್ಲಿ ನಡುಮಟ್ಟದ ಕೆಲಸಗಳಲ್ಲಿ ಕೌಶಲಕ್ಕೆ ಬೆಲೆ, ತೀರ ಕಷ್ಟದ್ದರಲ್ಲಿ ಅದೃಷ್ಟಕ್ಕೆ ಬೆಲೆ. ಮನುಷ್ಯರ ಜೊತೆಗಿನ ಮಾತುಕತೆಗೆ ಇದು ಚೆನ್ನಾಗಿ ಒಗ್ಗುತ್ತದೆ. 2019ರ ಡಿಸ್ಕೊ ಎಲಿಸಿಯಂ ಎಂಬ ಗೇಮ್ ಇದನ್ನೇ ಬಳಸುತ್ತದೆ: ಎರಡು ಆರು ಬಿದ್ದರೆ ಏನೇ ಆದರೂ ಗೆಲುವು, ಎರಡು ಒಂದು ಬಿದ್ದರೆ ಏನೇ ಆದರೂ ಸೋಲು.

ಕಾದಾಟವಿದ್ದರೆ ಏಟಿನ ಲೆಕ್ಕವನ್ನೂ ಇಲ್ಲೇ ಮುಗಿಸಿ. ಏಟಿನ ಬಲದಿಂದ ರಕ್ಷಣೆ ಕಳೆಯುವುದು ಸುಲಭದ ದಾರಿ. ಬಲ 12, ರಕ್ಷಣೆ 10 ಇದ್ದರೆ ಪೆಟ್ಟು 2. ಬಲ 13 ಆದರೆ ಪೆಟ್ಟು 3, ಒಂದೇ ಅಂಕಕ್ಕೆ ಒಂದೂವರೆ ಪಟ್ಟು! ಸಣ್ಣ ತಪ್ಪಿಗೆ ಇಡೀ ಗೇಮಿನ ಸಮತೂಕ ಹೋಗುತ್ತದೆ. ಬಲವನ್ನು ಬಲದಿಂದಲೇ ಗುಣಿಸಿ, ಬಲ ಮತ್ತು ರಕ್ಷಣೆಯ ಮೊತ್ತದಿಂದ ಭಾಗಿಸಿ ನೋಡಿ: 12ಕ್ಕೆ ಸುಮಾರು 6.5, 13ಕ್ಕೆ ಸುಮಾರು 7.3. ಏರಿಕೆ ಹದವಾಗಿರುತ್ತದೆ. ಮೊದಲ ಗೇಮಿಗೆ ಇದು ವಾಸಿ.

ಹೆಜ್ಜೆ 3: ಬೆಳವಣಿಗೆ ಆಡುವವರದ್ದೂ ಆಗಲಿ

ಅಂಕ ಕೂಡಿಸಿ ಲೆವೆಲ್ ಏರಿಸುವುದು ಒಂದು ಬಗೆ, ಮಾಡಿದ ಕೆಲಸವೇ ಪಳಗುವುದು ಇನ್ನೊಂದು. 2002ರ ಮೊರೊವಿಂಡ್ ಎಂಬ ಗೇಮಿನಲ್ಲಿ ಎರಡನೆಯ ಬಗೆ ಇತ್ತು. ಜಿಗಿದಷ್ಟೂ ಜಿಗಿಯುವ ಕೌಶಲ ಹೆಚ್ಚುತ್ತಿದ್ದರಿಂದ ಜನ ಊರಿಂದೂರಿಗೆ ಜಿಗಿಯುತ್ತಲೇ ಹೋಗುತ್ತಿದ್ದರು. ನೀವು ಯಾವುದಕ್ಕೆ ಅಂಕ ಕೊಡುತ್ತೀರೋ ಜನ ಅದನ್ನೇ ಮಾಡುತ್ತಾರೆ, ಬೇಜಾರಾದರೂ ಮಾಡುತ್ತಾರೆ. ಆದ್ದರಿಂದ ಬೇಜಾರಿನ ಕೆಲಸಕ್ಕೆ ಅಂಕ ಇಡಬೇಡಿ.

ಮೂರನೆಯ ಬಗೆಯೊಂದಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಆಡುವ ಮನುಷ್ಯನೇ ಕಲಿಯುವುದು. ನಮ್ಮ ಗೇಮಿನಲ್ಲಿ ಮೊದಲ ವಾರ ಎಲ್ಲ ಅರೇಬಿಕಾ ಗಿಡಗಳೂ ಒಂದೇ ಥರ ಕಾಣುತ್ತವೆ. ಮೇಸ್ತ್ರಿ ಒಮ್ಮೆ ಒಂದು ಗಿಡದ ಮುಂದೆ ನಿಂತು ಹಳದಿಗಟ್ಟಿದ ಎಲೆ ತೋರಿಸುತ್ತಾನೆ, ಕಾಂಡದ ಮೇಲೆ ಎದ್ದ ಏಣುಗಳ ಮೇಲೆ ಬೆರಳಾಡಿಸುತ್ತಾನೆ. "ಒಳಗೆ ಕಾಂಡಕೊರಕ ಐತೆ ರೈಟ್ರೇ" ಎನ್ನುತ್ತಾನೆ. ಅಷ್ಟೇ. ಗುರುತಿನ ಬಾಣ ಇಲ್ಲ, ಮಿಣುಕುವ ದೀಪ ಇಲ್ಲ. ಆಮೇಲೆ ಅಂಥ ಗಿಡಗಳನ್ನು ಆಡುವವರೇ ಕಣ್ಣಿಟ್ಟು ಹುಡುಕಬೇಕು. ಮೂರನೆಯ ವಾರಕ್ಕೆ ನಮ್ಮ ಗೆಳೆಯರೆಲ್ಲ ತೆರೆಯನ್ನು ನೋಡಿದ ಕೂಡಲೇ "ಆ ಮೂಲೇಲಿ ಒಂದು, ಈ ಕಡೆ ಎರಡು" ಎನ್ನುತ್ತಿದ್ದರು. ಲೆವೆಲ್ ಏರಿದ್ದು ತೆರೆಯ ಆಚೆಗಲ್ಲ, ಈಚೆಗೆ.

ಇದರ ಜೊತೆ ಒಂದು ಎಚ್ಚರ. ಆಡುವವರು ಬಲಿತಷ್ಟೂ ಎಲ್ಲ ಶತ್ರುಗಳನ್ನೂ ಬಲಿಯಿಸುತ್ತ ಹೋಗಬೇಡಿ. 2006ರ ಆಬ್ಲಿವಿಯನ್ ಗೇಮಿನ ಮೇಲೆ ಬಂದ ದೊಡ್ಡ ದೂರು ಅದೇ: ಎಷ್ಟು ಬೆಳೆದರೂ ದಾರಿಗಳ್ಳನೂ ಅಷ್ಟೇ ಬೆಳೆದು ನಿಂತಿರುತ್ತಿದ್ದ. ಮೊದಲ ದಿನ ಹೆದರಿ ಓಡಿದ ಜಾಗಕ್ಕೆ ಇಪ್ಪತ್ತನೆಯ ದಿನ ಎದೆಯೆತ್ತಿ ಬರುವ ಸುಖವನ್ನು ಆಡುವವರಿಂದ ಕಸಿಯಬಾರದು.

ಹೆಜ್ಜೆ 4: ಆಯ್ಕೆ ಇಡಿ, ಆಮೇಲೆ ಅದನ್ನು ನೆನಪಿಡಿ

ಹೆಚ್ಚು ಹೊತ್ತು ಕೂರಬೇಕಾದ ಹೆಜ್ಜೆ ಇದು.

ಒಳ್ಳೆಯವನಾಗು ಇಲ್ಲವೇ ಕೆಟ್ಟವನಾಗು ಎಂಬುದು ಆಯ್ಕೆಯಲ್ಲ. ಆಟ ಶುರುವಾಗುವ ಮೊದಲೇ ಜನ ಅದನ್ನು ತೀರ್ಮಾನಿಸಿಕೊಂಡಿರುತ್ತಾರೆ. ಎರಡು ಕಡೆಯೂ ಏನಾದರೂ ಕಳೆದುಕೊಳ್ಳಬೇಕು. ನಮ್ಮಲ್ಲಿ ಕೈಕೂಡಿದ್ದು ಒಂದೇ ಒಂದು ಅಂಥ ರಾತ್ರಿ. ಅದನ್ನು ಬಿಡಿಸಿ ಹೇಳುತ್ತೇನೆ.

ಡಿಸೆಂಬರ್, ಅರೇಬಿಕಾ ಕೊಯ್ಲಿನ ಕಾಲ. ಕಣದ ತುಂಬ ಕಾಫಿ ಹರಡಿದೆ, ಇನ್ನೊಂದು ದಿನದ ಬಿಸಿಲು ಬೇಕು. ಅವತ್ತೇ ಊರಹಬ್ಬ, ಲೈನ್ ಮನೆಯವರು ತಡರಾತ್ರಿ ಬಂದು ಮಲಗಿದ್ದಾರೆ. ಎರಡು ಗಂಟೆಗೆ ಗುಡುಗುತ್ತದೆ. ಎಬ್ಬಿಸಿದರೆ ಅರ್ಧ ಗಂಟೆಯಲ್ಲಿ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬಹುದು. ಎಬ್ಬಿಸದಿದ್ದರೆ ಒಬ್ಬರೇ ಎಳೆದಷ್ಟು ಎಳೆಯಬೇಕು, ಉಳಿದದ್ದು ನೆನೆಯುತ್ತದೆ, ಬೆಳಗ್ಗೆ ಸಾಹುಕಾರರಿಗೆ ಉತ್ತರ ಕೊಡಬೇಕು. ತೆರೆಯ ಮೇಲೆ ಪ್ರಶ್ನೆ ಬರುವುದೇ ಇಲ್ಲ. ಮಳೆ ಹನಿ ಬೀಳುತ್ತಿರುತ್ತದೆ. ಲೈನ್ ಮನೆಯ ಕಡೆ ಓಡುತ್ತೀರೋ ಕಣದ ಕಡೆ ಓಡುತ್ತೀರೋ, ಅದೇ ಉತ್ತರ.

ಇನ್ನು ನೆನಪು. ಪ್ರತಿ ಆಯ್ಕೆಗೂ ಮೂರು ಓಗೊಡುವಿಕೆ ಕಟ್ಟಿ. ಒಂದು ಆ ಕ್ಷಣದ್ದು: ಎದ್ದು ಬಂದವರ ಮುಖ, ಯಾರೋ ಗೊಣಗಿದ್ದು. ಇನ್ನೊಂದು ನಾಲ್ಕು ದಿನದ್ದು: ಸಾಹುಕಾರರ ಮಾತು, ಹಾಜರಿಗೆ ತಡವಾಗಿ ಬಂದವರು. ಮೂರನೆಯದು ದೂರದ್ದು, ಆಡುವವರು ಮರೆತೇಬಿಟ್ಟಾಗ ಬರುವಂಥದ್ದು. ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿದಾಗ, ಒಬ್ಬ ಹೆಂಗಸು ಸುಮ್ಮನೆ ಎನ್ನುತ್ತಾಳೆ: "ಆವತ್ತು ನೀವೊಬ್ರೇ ಮಳೇಲಿ ಎಳೀತಿದ್ದುದ್ದನ್ನ ಕಿಟಕೀಲಿ ನೋಡಿದ್ದೆ." ಈ ಸಾಲು ಬರೆಯಲು ಐದು ನಿಮಿಷ ಹಿಡಿಯಿತು. ಗೇಮು ಆಡಿದವರೆಲ್ಲ ನನ್ನ ಹತ್ತಿರ ಮಾತಾಡಿದ್ದು ಈ ಸಾಲಿನ ಬಗ್ಗೆ.

ದೊಡ್ಡ ಗೇಮುಗಳೂ ಗೆದ್ದಿರುವುದು ಇಲ್ಲೇ. 1997ರ ಫಾಲ್‌ಔಟ್‌ನಲ್ಲಿ ಕೊನೆಯ ಶತ್ರುವನ್ನು ಹೊಡೆಯದೆ, ದಾರಿಯಲ್ಲಿ ಕೂಡಿಸಿಕೊಂಡ ಪುರಾವೆ ತೋರಿಸಿ, ಅವನ ಯೋಜನೆಯೇ ಹುಸಿಯೆಂದು ಮಾತಿನಲ್ಲೇ ಒಪ್ಪಿಸಬಹುದಿತ್ತು. 2015ರ ಅಂಡರ್‌ಟೇಲ್ ಇನ್ನೂ ಮುಂದೆ ಹೋಯಿತು: ಒಬ್ಬರನ್ನು ಕೊಂದು, ಪಶ್ಚಾತ್ತಾಪವಾಗಿ, ಹಳೆಯ ಸೇವ್‌ಗೆ (ಆಟವನ್ನು ಮೊದಲು ಉಳಿಸಿಟ್ಟಿದ್ದ ಹಂತಕ್ಕೆ) ಮರಳಿ ಅವರನ್ನು ಬದುಕಿಸಿದರೂ, ನೀನು ಏನು ಮಾಡಿದ್ದೆಯೆಂದು ನನಗೆ ಗೊತ್ತು ಎನ್ನುವ ಪಾತ್ರವೊಂದು ಅಲ್ಲಿದೆ.

ಇದನ್ನು ಕಟ್ಟುವುದು ಹೇಗೆ? ಕವಲು ಹೊಡೆಯುತ್ತ ಹೋದರೆ ಮುಳುಗುತ್ತೀರಿ. ಹತ್ತು ಇಬ್ಬಗೆಯ ಆಯ್ಕೆಗೆ 1,024 ದಾರಿಗಳಾಗುತ್ತವೆ. ಹೊಳೆಯ ನಡುವೆ ದಿಬ್ಬ ಸಿಕ್ಕಾಗ ನೀರು ಎರಡಾಗಿ ಹರಿದು ಮುಂದೆ ಕೂಡಿಕೊಳ್ಳುವಂತೆ ಕಥೆಯನ್ನು ಒಡೆದು ಕೂಡಿಸಿ. ದಾರಿ ಒಂದೇ ಇರಲಿ, ಮನುಷ್ಯರ ಬಾಯಲ್ಲಿ ಬರುವ ಮಾತು ಬೇರೆಯಾಗಲಿ. ಒಂದು ಪಟ್ಟಿ ಮಾಡಿಕೊಳ್ಳಿ: ಏನು ನಡೆಯಿತು, ಯಾರಿಗೆ ಗೊತ್ತು, ಯಾವತ್ತು ಗೊತ್ತಾಯಿತು, ಗೊತ್ತಾದ ಮೇಲೆ ಏನಂತಾರೆ. ನಮ್ಮ ಲೋಕದಲ್ಲಿ ಕಂಡವರಿಗೆ ಕೂಡಲೇ ಗೊತ್ತು, ಉಳಿದವರಿಗೆ ಮುಂದಿನ ಸಂತೆ ಕಳೆದ ಮೇಲೆ. ಸುದ್ದಿ ಊರಲ್ಲಿ ಹರಡುವುದು ಹಾಗೆಯೇ ಅಲ್ಲವೇ! ಈ ಒಂದು ನಿಯಮದಿಂದ ಹತ್ತು ಮನೆಯ ಗೇಮು ಜೀವಂತವಾಯಿತು. ಇನ್ನೂರು ಸಂಗತಿಗಳನ್ನು ನೆನಪಿಟ್ಟುಕೊಂಡು ಏನೂ ಮಾತಾಡದ ಲೋಕಕ್ಕಿಂತ, ಇಪ್ಪತ್ತನ್ನು ನೆನಪಿಟ್ಟುಕೊಂಡು ಮೂರು ಮೂರು ಸಲ ಮಾತಾಡುವ ಲೋಕ ಮೇಲು.

ಹೆಜ್ಜೆ 5: ಸೋಲೂ ಕಥೆಯಾಗಲಿ

ದಾಳ ಕೆಟ್ಟದಾಗಿ ಬಿದ್ದರೆ "ಆಗಲಿಲ್ಲ, ಮತ್ತೆ ಪ್ರಯತ್ನಿಸಿ" ಎಂದು ತೋರಿಸಿದರೆ, ಆಡುವವರು ಹಳೆಯ ಸೇವ್ ತೆರೆದು ಗೆಲ್ಲುವವರೆಗೂ ಎಸೆಯುತ್ತಾರೆ. ಸೋತಾಗಲೂ ಏನಾದರೂ ನಡೆಯಬೇಕು. ಜಗಳ ಬಿಡಿಸಲು ಹೋಗಿ ಮಾತು ಸೋತರೆ, ಜಗಳವಾಡುತ್ತಿದ್ದ ಇಬ್ಬರೂ ಒಂದಾಗಿ ರೈಟರ ಮೇಲೆ ತಿರುಗಿಬೀಳಲಿ. ಮಾರನೆಯ ದಿನ ಅವರಿಬ್ಬರೂ ಗೆಳೆಯರಾಗಿರಲಿ. ಡಿಸ್ಕೊ ಎಲಿಸಿಯಂನಲ್ಲಿ ಸೋತ ಗರಗಳ ಹಿಂದೆ ಗೆದ್ದವುಗಳಷ್ಟೇ ಬರವಣಿಗೆಯಿದೆ ಎನಿಸುತ್ತದೆ.

ಹೆಜ್ಜೆ 6: ನಡೆದು ಓದುವ ನಕ್ಷೆ

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಹೋಗಿ, ಗೋಡೆಯ ಸುತ್ತ ನಿಧಾನ ನಡೆಯಿರಿ. ದೂರದಿಂದ ಒಂದು ಆಕಾರ. ಹತ್ತಿರ ಬಂದರೆ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಇನ್ನೊಂದು ಸಾಲು, ಇನ್ನೊಂದು. ರಾಮಾಯಣ, ಮಹಾಭಾರತದ ಪ್ರಸಂಗಗಳು ಹೆಜ್ಜೆ ಹಾಕಿದಂತೆಲ್ಲ ಬಿಚ್ಚಿಕೊಳ್ಳುತ್ತವೆ. ಗೇಮಿನ ನಕ್ಷೆಯೂ ಹೀಗೆ ಮೂರು ದೂರದಲ್ಲಿ ಮಾತಾಡಬೇಕು: ದೂರಕ್ಕೆ ಗುರುತು, ನಡುವಿಗೆ ಕುತೂಹಲ, ಹತ್ತಿರಕ್ಕೆ ಕಥೆ.

ದೂರದ ಗುರುತಿಗೆ ನಮಗೆ ಮುಳ್ಳಯ್ಯನಗಿರಿಯೇ ಇತ್ತು. ರಾಜ್ಯದ ಅತಿ ಎತ್ತರದ ಶಿಖರ. ಗೇಮಿನಲ್ಲಿ ಎಲ್ಲಿ ನಿಂತರೂ ಅದರ ಒಂದು ಅಂಚು ಕಾಣುವಂತೆ ಮಾಡಿದೆವು. ಆಮೇಲೆ ದಿಕ್ಕಿನ ಬಾಣ ಬೇಕಾಗಲೇ ಇಲ್ಲ. "ಗಿರಿ ಬೆನ್ನಿಗೆ ಹಾಕ್ಕಂಡು ಇಳೀರಿ, ಸಿಲ್ವರ್ ಓಕ್ ಸಾಲು ಮುಗಿದ ಕಡೆ ಹಳ್ಳ" ಎಂದು ದಾರಿಹೋಕರೇ ಹೇಳುತ್ತಾರೆ. ದಾರಿ ಕೇಳುವುದೂ ಒಂದು ಮಾತುಕತೆ. ಬಾಣ ಇಟ್ಟರೆ ಅದು ಸತ್ತುಹೋಗುತ್ತದೆ.

ಸೇವ್ ಬಗ್ಗೆ ಒಂದೇ ಮಾತು: ತಾನಾಗಿಯೇ ಆಗಾಗ ಸೇವ್ ಆಗುತ್ತಿರಲಿ. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ಹೋಗುವುದನ್ನು ಯಾರಿಗೂ ವಿವರಿಸಬೇಕಿಲ್ಲ.

ಹೆಜ್ಜೆ 7: ಕನ್ನಡದಲ್ಲೇ ಬರೆಯಿರಿ

ಗೇಮ್ ಕನ್ನಡದಲ್ಲಿ ಮಾಡಲು ಹೊರಟರೆ ಮೂರು ತೊಡಕು ಎದುರಾಗುತ್ತವೆ, ಮೂರಕ್ಕೂ ದಾರಿ ಇದೆ.

ಮೊದಲನೆಯದು ಅಕ್ಷರ. ಗೋಡೋ ಎಂಬ ಉಚಿತ ತಂತ್ರಾಂಶದಲ್ಲಿ ನಾವು ಕಟ್ಟಿದ್ದು. ಅದರ ಹಳೆಯ 3ನೇ ಆವೃತ್ತಿಯಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದು ಕಾಣುತ್ತಿದ್ದವು. 2023ರಲ್ಲಿ ಬಂದ 4ನೇ ಆವೃತ್ತಿಯಿಂದ ಸರಿಯಾಗಿ ಕೂಡುತ್ತವೆ. ನೋಟೋ ಸಾನ್ಸ್ ಕನ್ನಡ ಫಾಂಟು ಉಚಿತ, ಗೇಮಿನ ಜೊತೆ ಹಂಚಲೂಬಹುದು. ಮಾತು ಒಂದೊಂದೇ ಅಕ್ಷರವಾಗಿ ಮೂಡುವಂತೆ ಮಾಡುವುದಾದರೆ ಕಂಪ್ಯೂಟರಿನ ಒಳಸಂಕೇತ ಎಣಿಸಬೇಡಿ, ಕಣ್ಣಿಗೆ ಕಾಣುವ ಇಡೀ ಅಕ್ಷರ ಎಣಿಸಿ. ಇಲ್ಲವಾದರೆ "ಕ್ಷ" ಬರುವ ಮೊದಲು "ಕ" ಬಂದು, "ಕ್" ಆಗಿ, ಆಮೇಲೆ ಕೂಡುತ್ತದೆ, ಕಣ್ಣಿಗೆ ಕಿರಿಕಿರಿ.

ಎರಡನೆಯದು ಹೆಸರು. ಆಡುವವರು ತಮ್ಮ ಹೆಸರು ಟೈಪ್ ಮಾಡಿದರೆ ವಿಭಕ್ತಿ ಹಚ್ಚುವುದು ಹೇಗೆ? ರವಿಗೆ, ರಾಮನಿಗೆ, ಮಂಜುನಾಥ್‌ಗೆ, ಗೀತಾಳಿಗೆ: ಒಂದೊಂದಕ್ಕೂ ಒಂದೊಂದು ಬಗೆ. "ಬಂದ" ಎನ್ನಬೇಕೋ "ಬಂದಳು" ಎನ್ನಬೇಕೋ ಎಂಬುದು ಮತ್ತೊಂದು. ನಮಗೆ ಕಸುಬೇ ಕೈಹಿಡಿಯಿತು. ತೋಟದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. "ರೈಟ್ರು ಬಂದ್ರು, ರೈಟ್ರಿಗೆ ಕಾಫಿ ಕೊಡು" ಎಂದರೆ ಗಂಡೂ ಸರಿ, ಹೆಣ್ಣೂ ಸರಿ.

ಮೂರನೆಯದನ್ನು ತೊಡಕು ಎಂದೆ, ಅದು ನಿಜವಾಗಿ ಸಿರಿ. ನೀನು, ನೀವು. ಬೇರೆ ಗೇಮುಗಳಲ್ಲಿ ಒಬ್ಬ ಪಾತ್ರಕ್ಕೆ ನಿಮ್ಮ ಮೇಲೆ ಎಷ್ಟು ಒಲವಿದೆ ಎಂದು ತೋರಿಸಲು ಹೃದಯದ ಚಿಹ್ನೆ ಇಡುತ್ತಾರೆ, ಅಂಕ ಇಡುತ್ತಾರೆ. ನಮಗೆ ಒಂದು ಪದ ಸಾಕು. "ನೀವು" ಎನ್ನುತ್ತಿದ್ದವರು "ನೀನು" ಎಂದರೆ ಹತ್ತಿರವಾದರು ಎಂದರ್ಥ. ಹೇಗೆ ಎಂದರು ಎಂಬುದರ ಮೇಲೆ, ಸಿಟ್ಟಾದರು ಎಂದೂ ಇರಬಹುದು. "ನೀನು" ಎನ್ನುತ್ತಿದ್ದ ಗೆಳೆಯ ಒಂದು ದಿನ "ನೀವು" ಎಂದರೆ ಎದೆ ಧಸಕ್ಕೆನ್ನುತ್ತದೆ. ಪ್ರತಿ ಪಾತ್ರದ ಮಾತನ್ನೂ ಎರಡು ಬಗೆಯಲ್ಲಿ ಬರೆದಿಡಿ. ಬರವಣಿಗೆ ದುಪ್ಪಟ್ಟಾಗುತ್ತದೆ, ನಿಜ. ಮಾಡಿ.

ಹೆಜ್ಜೆ 8: ಆಡಿಸಿ ನೋಡಿ, ಬಾಯಿ ಬಿಡಬೇಡಿ

ಮೊದಲ ಪ್ರಯೋಗಕ್ಕೆ ಕಂಪ್ಯೂಟರೂ ಬೇಡ. ಕಾಗದದ ಮೇಲೆ ನಕ್ಷೆ ಗೀಚಿ, ಕವಡೆ ಹಿಡಿದು, ನೀವೇ ಎಲ್ಲ ಪಾತ್ರಗಳ ಮಾತಾಡುತ್ತ ಒಬ್ಬರಿಗೆ ಆಡಿಸಿ. ಒಂದು ಸಂಜೆಯಲ್ಲಿ ಯಾವ ಆಯ್ಕೆ ಟೊಳ್ಳು ಎಂದು ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಆಡಿಸುವಾಗ ಪಕ್ಕದಲ್ಲಿ ನೋಟ್‌ಬುಕ್ಕು ಹಿಡಿದು ಕೂತಿರಿ. "ಅಲ್ಲಿಗೆ ಹೋಗು", "ಅದನ್ನ ಒತ್ತು" ಎನ್ನಬಾರದು; ನಾಳೆ ಎಲ್ಲರ ಮನೆಯಲ್ಲೂ ನೀವು ಕೂತಿರುವುದಿಲ್ಲ. ಎಲ್ಲಿ ನಿಂತರು, ಎಲ್ಲಿ ನಕ್ಕರು, ಎಲ್ಲಿಗೆ ಯಾರೂ ಹೇಳದೆ ತಾವಾಗಿ ಹೋದರು, ಇಷ್ಟು ಬರೆದುಕೊಳ್ಳಿ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಅವರು ಲೋಕವನ್ನು ಏನೋ ಕೇಳುತ್ತಿರುವ ಜಾಗ ಅದು, ಅಲ್ಲಿ ನೀವು ಉತ್ತರ ಇಡಬೇಕು.

ಸಂಕ್ರಾಂತಿಗೆ ಅಕ್ಕನ ಮಗಳು ಮತ್ತೆ ಬಂದಳು. ಹೊಸ ಆವೃತ್ತಿ ಕೊಟ್ಟೆ, ಏನು ಬದಲಾಗಿದೆ ಎಂದು ಹೇಳಲಿಲ್ಲ. ಹಸು ಹುಡುಕಿದಳು, ಕೊಟ್ಟಿಗೆಗೆ ಬಿಟ್ಟಳು, ತನ್ನ ಪಾಡಿಗೆ ಕಣದ ಕಡೆ ಹೋದಳು. ಈ ಸಲ ಬಾಗಿಲು ತಟ್ಟಲಿಲ್ಲ. ಎರಡು ದಿನದ ಆಟ ಕಳೆದ ಮೇಲೆ ಲೈನ್ ಮನೆಯ ಮುಂದೆ ಹಾಯುವಾಗ ಒಳಗಿಂದ ದನಿ ಬಂತು: "ಯಾರದು, ರೈಟ್ರಾ? ಬಾ ಮಗ, ಒಳಗ್ ಬಾ. ಗೌರಿ ಹಾಲಿಂದು, ಒಂದು ಲೋಟ ಕುಡ್ಕೊಂಡೇ ಹೋಗು ನೀನು."

ಅವಳ ಕೈ ಕೀಲಿಗಳ ಮೇಲೆ ನಿಂತಿತು. "ಮಾಮ," ಎಂದಳು ತೆರೆಯಿಂದ ಕಣ್ಣು ತೆಗೆಯದೆ, "ಅಜ್ಜಿ ನನ್ನ ನೀನು ಅಂದ್ರು."

ಆಮೇಲೆ ಲೈನ್ ಮನೆಯ ಹತ್ತೂ ಬಾಗಿಲು ತಟ್ಟಿಕೊಂಡು ಬಂದಳು. ಅದರಲ್ಲಿ ನಾಲ್ಕು ಮನೆಗೆ ನಾವಿನ್ನೂ ಮಾತು ಬರೆದಿರಲಿಲ್ಲ. ಆ ರಾತ್ರಿ ಕೂತು ಬರೆದೆವು.